ಕಲಾವಿದರು ಕಲಿಸುವ ಪಾಠ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಕಿರಿಯರ ಕಲಾಶಿಕ್ಷಣ

(ದತ್ತಿ ಉಪನ್ಯಾಸದ ಮುದ್ರಿತ ರೂಪ)

ಕಲೆಯನ್ನೇ ಕಸುಬಾಗಿ ನಂಬಿದವರು ಕಿರಿಯರಿಗೆ ಕಲಿಸುವ ಕೆಲಸ ಮೂರು ಬಗೆಯಲ್ಲಿ ನಡೆಯುತ್ತದೆ. ಊರವರು ಒಬ್ಬ ಮೇಷ್ಟ್ರನ್ನು ಕರೆಸಿಕೊಂಡು, ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಒಂದು ರಾತ್ರಿ ಊರ ಮುಂದೆ ಆಡಿ ತೋರಿಸುವುದು ಮೊದಲನೆಯದು. ಮನೆತನ ಅಥವಾ ಸಮುದಾಯದೊಳಗೆ ಹಿರಿಯರ ಜೊತೆ ಓಡಾಡುತ್ತಲೇ ವಾದ್ಯ, ಹಾಡು, ಕುಣಿತಗಳನ್ನು ಕಲಿಯುವುದು ಎರಡನೆಯದು. ಶಾಲೆ, ಬೇಸಿಗೆ ಶಿಬಿರ ಅಥವಾ ಸರ್ಕಾರದ ಯೋಜನೆಯ ಮೂಲಕ ಕಲಾವಿದರು ತರಗತಿಗೆ ಬರುವುದು ಮೂರನೆಯದು. ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿ ಈ ಮೂರೂ ಬಗೆಗಳು ಅಕ್ಕಪಕ್ಕದಲ್ಲೇ ಇವೆ. ಆದರೆ ಒಂದಕ್ಕೊಂದು ಅಷ್ಟಾಗಿ ಪರಿಚಯವಿಲ್ಲ. ಹಳೆಯ ಎರಡು ಬಗೆಗಳಿಂದ ಮೂರನೆಯದು ಏನನ್ನು ಪಡೆಯಬಹುದು, ಯಾವುದನ್ನು ಬಿಡಬೇಕು ಎಂಬುದು ಈ ಉಪನ್ಯಾಸದ ವಿಷಯ.

1. ಸೀಮೆ

ತುಮಕೂರು ಕಂದಾಯ ಜಿಲ್ಲೆಯಲ್ಲಿ ಹತ್ತು ತಾಲ್ಲೂಕುಗಳಿವೆ. ಶಿಕ್ಷಣ ಇಲಾಖೆ ಇವನ್ನು ಎರಡು ಶೈಕ್ಷಣಿಕ ಜಿಲ್ಲೆಗಳಾಗಿ ವಿಂಗಡಿಸಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಉಳಿದ ಆರು ತಾಲ್ಲೂಕುಗಳದು ತುಮಕೂರು ಶೈಕ್ಷಣಿಕ ಜಿಲ್ಲೆ. ಉಪನಿರ್ದೇಶಕರ ಕಚೇರಿ, ಶಿಕ್ಷಕರಿಗೆ ತರಬೇತಿ ನೀಡುವ ಡಯಟ್ ಎರಡೂ ಮಧುಗಿರಿಯಲ್ಲಿವೆ. ಶಾಲಾ ಮಕ್ಕಳ ಕಲಾ ಸ್ಪರ್ಧೆಗಳ ಜಿಲ್ಲಾ ಹಂತವೂ ಈ ನಾಲ್ಕು ತಾಲ್ಲೂಕುಗಳಿಗೆ ಪ್ರತ್ಯೇಕವಾಗಿಯೇ ನಡೆಯುತ್ತದೆ.

ಇದು ಮಳೆ ಕಡಿಮೆ ಬೀಳುವ, ಬಂಡೆಬೆಟ್ಟಗಳ ನಾಡು. ಕಡಲೆಕಾಯಿ ಬೆಳೆ ಕೈಕೊಟ್ಟ ವರ್ಷ ಹರೆಯದವರು ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಶಿರಾ ಹೆದ್ದಾರಿಯ ಮೇಲಿರುವ ಊರು. ಕೊರಟಗೆರೆ ತುಮಕೂರಿಗೆ ಹತ್ತಿರ. ಪಾವಗಡ ಮಾತ್ರ ಜಿಲ್ಲಾ ಕೇಂದ್ರದಿಂದ ಸುಮಾರು 100 ಕಿಲೋಮೀಟರ್ ದೂರ. ಅದರ ಗಡಿಯ ಬಹುಪಾಲು ಆಂಧ್ರಪ್ರದೇಶಕ್ಕೆ ತಾಗಿದೆ. ಅಲ್ಲಿನ ಅನೇಕ ಮಕ್ಕಳು ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಓದುತ್ತಾರೆ. ಗಡಿಯಾಚೆ ಮಡಕಶಿರಾ ಸೀಮೆಯ ಹಳ್ಳಿಗಳಲ್ಲಿ ಕನ್ನಡ ಆಡುವ ಮನೆಗಳಿವೆ. ಈ ದೂರ, ಈ ಎರಡು ಭಾಷೆ, ಈ ವಲಸೆ ಮೂರನ್ನೂ ಗಮನಿಸದೆ ಇಲ್ಲಿನ ಕಲಾಶಿಕ್ಷಣವನ್ನು ಕುರಿತು ಮಾತನಾಡಲಾಗದು.

2. ನಾಟಕದ ಮೇಷ್ಟ್ರು

ಈ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಪೌರಾಣಿಕ ನಾಟಕದ ತಯಾರಿ ಶುರುವಾಗುತ್ತದೆ. ‘ಕುರುಕ್ಷೇತ್ರ’, ರಾಮಾಯಣದ ಪ್ರಸಂಗಗಳು, ಶನಿಮಹಾತ್ಮೆಯ ಕಥೆ ಹೆಚ್ಚು ಬಳಕೆಯಲ್ಲಿವೆ. ಕಲಿಸಲು ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡುತ್ತಾರೆ. ಅವರೇ ನಿರ್ದೇಶಕ, ಸಂಗೀತ ಗುರು, ಮಾತು ತಿದ್ದುವವರು. ಆಟದ ರಾತ್ರಿ ಕಾಲಿನಿಂದ ತಿದಿಯೊತ್ತುವ ಹಾರ್ಮೋನಿಯಂ ಮುಂದೆ ಕೂತು ಬೆಳಗಿನವರೆಗೂ ನಾಟಕವನ್ನು ನಡೆಸುವವರೂ ಅವರೇ.

ಈ ಕಲಿಕೆಗೆ ತನ್ನದೇ ಕ್ರಮವಿದೆ. ಮೊದಲು ಪಾತ್ರ ಹಂಚಿಕೆ. ದುರ್ಯೋಧನ, ಕೃಷ್ಣ, ಭೀಮ, ಕರ್ಣನಂಥ ದೊಡ್ಡ ಪಾತ್ರ ವಹಿಸುವವರು ಹೆಚ್ಚು ಹಣ ಹಾಕಬೇಕು. ಸಣ್ಣ ಪಾತ್ರಕ್ಕೆ ಕಡಿಮೆ. ಆ ಹಣದಲ್ಲೇ ಮೇಷ್ಟ್ರ ಸಂಭಾವನೆ, ಸೀನರಿ, ಡ್ರೆಸ್ಸು, ಮೈಕು ಎಲ್ಲವೂ ಆಗಬೇಕು. ಆಮೇಲೆ ಧ್ವನಿ ಪರೀಕ್ಷೆ. ಮೇಷ್ಟ್ರು ಒಬ್ಬೊಬ್ಬರ ಕಂಠಕ್ಕೂ ಹೊಂದುವ ಶ್ರುತಿಯನ್ನು ಹಾರ್ಮೋನಿಯಂ ಮನೆಗಳಲ್ಲಿ ಗುರುತಿಸಿಕೊಳ್ಳುತ್ತಾರೆ. ಒಬ್ಬನಿಗೆ ಕಪ್ಪು ಒಂದು, ಇನ್ನೊಬ್ಬನಿಗೆ ಬಿಳಿ ನಾಲ್ಕು. ಬಳಿಕ ಪ್ರತಿ ರಾತ್ರಿ ಊಟವಾದ ಮೇಲೆ ದೇವಸ್ಥಾನದ ಜಗುಲಿಯಲ್ಲೋ ಶಾಲೆಯ ಕೊಠಡಿಯಲ್ಲೋ ಪ್ರಾಕ್ಟೀಸು. ಕಂದ, ವೃತ್ತ, ಹಾಡುಗಳನ್ನು ಸಾಲು ಸಾಲಾಗಿ ಹೇಳಿಕೊಡುತ್ತಾರೆ. ಓದು ಬಾರದವನೂ ಕಿವಿಯಿಂದಲೇ ಕಲಿಯುತ್ತಾನೆ. ಹಳಗಾಲದ ಗ್ರಾಂಥಿಕ ಸಂಭಾಷಣೆಯನ್ನು ಉಸಿರು ಕಟ್ಟಿ ಹೇಳುವ ರೂಢಿ ಆಗುವುದು ಇಲ್ಲೇ. ಹಗಲು ಹೊಲ, ಅಂಗಡಿ, ಬಸ್ಸು, ಕಚೇರಿ ಎಂದು ದುಡಿಯುವವರು ಎರಡು ಮೂರು ತಿಂಗಳು ಬಿಡದೆ ಇಷ್ಟು ಶಿಸ್ತಿಗೆ ಒಳಪಡಲು ಕಾರಣ ಸರಳ: ಆಟದ ದಿನ ಮುಂಚೆಯೇ ಗೊತ್ತಾಗಿರುತ್ತದೆ, ನೋಡುವವರು ಸ್ವಂತ ಊರಿನವರೇ ಆಗಿರುತ್ತಾರೆ.

ಈ ಪದ್ಧತಿಯ ಬೇರು ಕಂಪನಿ ನಾಟಕದಲ್ಲಿದೆ. ಇದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಆರಂಭವಾದ ಚನ್ನಬಸವೇಶ್ವರ ನಾಟಕ ಕಂಪನಿಗೆ ವೀರಣ್ಣನವರು ಬಾಲಕರಾಗಿದ್ದಾಗಲೇ ಸೇರಿದರು. 1917ರಲ್ಲಿ ಅದರ ಒಡೆತನ ವಹಿಸಿಕೊಂಡರು. ಆ ಕಂಪನಿಯ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳೇ ರಂಗಕ್ಕೆ ಬರುತ್ತಿದ್ದವು. ಹಳ್ಳಿಗಳಲ್ಲಿ ಇಂದಿಗೂ ಆ ಕಥೆಯೇ ಹೆಚ್ಚು ಆಡುವ ನಾಟಕವಾಗಿ ಉಳಿದಿರುವುದರಲ್ಲಿ ಕಂಪನಿಯ ಪ್ರಭಾವ ಕಾಣುತ್ತದೆ. ಕಂಪನಿಗಳು ಮುಚ್ಚುತ್ತ ಬಂದಂತೆ ಅವುಗಳ ಪಾಠಕ್ರಮ ಹಳ್ಳಿಯ ಮೇಷ್ಟ್ರ ಕೈಯಲ್ಲಿ ಉಳಿಯಿತು.

ಇದರ ಮಿತಿಗಳೂ ಸ್ಪಷ್ಟ. ಪ್ರತಿಯೊಬ್ಬನೂ ತನ್ನ ಪಾತ್ರವನ್ನಷ್ಟೇ ಕಲಿಯುತ್ತಾನೆ. ಹೊಸದಾಗಿ ಕಟ್ಟುವುದಕ್ಕೆ ಎಡೆಯಿಲ್ಲ. ಹಣ ಹೂಡಲಾಗದವನಿಗೆ ದೊಡ್ಡ ಪಾತ್ರ ಸಿಗದು. ಎಲ್ಲಕ್ಕಿಂತ ಮುಖ್ಯವಾಗಿ, ಇದು ಬಹುಮಟ್ಟಿಗೆ ಗಂಡಸರ ಶಾಲೆ. ಸ್ತ್ರೀಪಾತ್ರಗಳಿಗೆ ಹೊರಗಿನಿಂದ ವೃತ್ತಿನಿರತ ಕಲಾವಿದೆಯರನ್ನು ಕರೆಸುತ್ತಾರೆ. ಊರಿನ ಹೆಣ್ಣುಮಗಳು ಈ ಪ್ರಾಕ್ಟೀಸಿಗೆ ಬರುವುದು ಅಪರೂಪ.

3. ಭಾಗವತರ ಬಯಲಾಟ

ನಾಟಕಕ್ಕಿಂತ ಹಿಂದಿನದು ಮೂಡಲಪಾಯ ಬಯಲಾಟ. ತುಮಕೂರು, ಹಾಸನ, ಮಂಡ್ಯ, ಚಿತ್ರದುರ್ಗ ಮೊದಲಾದ ಬಯಲುಸೀಮೆಯ ಜಿಲ್ಲೆಗಳಲ್ಲಿ ಹಬ್ಬಿದ್ದ ಈ ಕಲೆಯನ್ನು ವಿದ್ವತ್ತಿನ ಗಮನಕ್ಕೆ ತಂದವರಲ್ಲಿ ಜೀ.ಶಂ. ಪರಮಶಿವಯ್ಯ ಪ್ರಮುಖರು. ಇಲ್ಲಿ ಗುರು ಎಂದರೆ ಭಾಗವತ. ಪ್ರಸಂಗದ ಓಲೆ ಅಥವಾ ಕೈಬರಹದ ಪ್ರತಿ ಅವರ ಬಳಿ ಇರುತ್ತದೆ. ಹಾಡು, ತಾಳ, ಹೆಜ್ಜೆ, ಮಾತು ನಾಲ್ಕನ್ನೂ ಅವರೇ ಕಲಿಸುತ್ತಾರೆ. ಹಿಮ್ಮೇಳದಲ್ಲಿ ಮದ್ದಳೆ, ತಾಳಗಳ ಜೊತೆ ಮುಖವೀಣೆ ಇರುವುದು ಈ ಬಯಲಾಟದ ವಿಶೇಷ.

ಕಿರಿಯರಿಗೆ ಇಲ್ಲಿ ಹಂತಹಂತವಾಗಿ ಏರುವ ದಾರಿ ಇತ್ತು. ಆಟದ ಆರಂಭದಲ್ಲಿ ಬರುವ ಬಾಲಗೋಪಾಲರ ವೇಷ ಹುಡುಗರದು. ಗೆಜ್ಜೆ ಕಟ್ಟಿ, ಹೆಜ್ಜೆ ತಪ್ಪದೆ ಸಭೆಯ ಮುಂದೆ ಕುಣಿದರೆ ಸಾಕು. ಮಾತಿನ ಭಾರ ಇಲ್ಲ. ಮುಂದಿನ ವರ್ಷಗಳಲ್ಲಿ ಸಣ್ಣ ಪಾತ್ರ, ಆಮೇಲೆ ರಾಜವೇಷ. ಸಾರಥಿ ಪಾತ್ರವಂತೂ ಬಂದ ವೇಷಗಳನ್ನೆಲ್ಲ ಮಾತನಾಡಿಸಿ, ಹೆಸರು ಕುಲ ಕೇಳಿ, ನಡುನಡುವೆ ನಗಿಸುವ ಹೊಣೆಯದು; ಆಶುವಾಗಿ ಮಾತು ಹೆಣೆಯಬಲ್ಲ ಚುರುಕಿನವನಿಗೇ ಅದು ಸಲ್ಲುತ್ತಿತ್ತು. ಹೀಗೆ ಕಂಠಪಾಠಕ್ಕೂ ಸ್ವಂತ ಕಲ್ಪನೆಗೂ ಬಯಲಾಟದಲ್ಲಿ ಬೇರೆಬೇರೆ ಜಾಗವಿತ್ತು. ವಯಸ್ಸಿಗೆ ತಕ್ಕ ಕೆಲಸ, ಕೆಲಸಕ್ಕೆ ತಕ್ಕ ಜವಾಬ್ದಾರಿ ಎಂಬ ಈ ಕ್ರಮ ಇಂದಿನ ಶಿಬಿರಗಳಲ್ಲಿ ಅಪರೂಪ.

4. ಗಣೆ, ಉರುಮೆ, ತಮಟೆ

ಶಿರಾ ತಾಲ್ಲೂಕಿನ ಕಳವರಹಳ್ಳಿಯ ಜುಂಜಪ್ಪನ ಗುಡ್ಡೆ ಕಾಡುಗೊಲ್ಲರ ಪವಿತ್ರ ಸ್ಥಳ. ಜುಂಜಪ್ಪನ ಕಾವ್ಯವನ್ನು ಹಾಡುವವರು ಬಿದಿರಿನ ಉದ್ದನೆಯ ಕೊಳಲಾದ ಗಣೆಯನ್ನು ಊದುತ್ತಾರೆ. ಈ ಕಲಿಕೆ ಸಮುದಾಯದೊಳಗಿನದು, ಆಚರಣೆಗೆ ಅಂಟಿಕೊಂಡದ್ದು. ಹುಡುಗ ವರ್ಷಾನುಗಟ್ಟಲೆ ಕೇಳುತ್ತ ಕೇಳುತ್ತ ಕಥೆಯನ್ನು ಮೈಗೂಡಿಸಿಕೊಳ್ಳುತ್ತಾನೆ. ಇಂಥ ಕಲೆಯನ್ನು ಶಾಲೆಗೆ ತರುವಾಗ ಎರಡು ಎಚ್ಚರ ಬೇಕು. ಯಾವ ಭಾಗ ಎಲ್ಲರ ಮುಂದೆ ಹಾಡುವಂಥದು, ಯಾವುದು ದೇವರ ಮುಂದಷ್ಟೇ ಸಲ್ಲುವಂಥದು ಎಂಬುದನ್ನು ನಿರ್ಧರಿಸಬೇಕಾದವರು ಆ ಕಲಾವಿದರು. ಮತ್ತೆ, ಮೂರು ನಿಮಿಷದ ತುಣುಕಾಗಿ ಕತ್ತರಿಸಿದರೆ ಕಾವ್ಯದ ಕಥನ ಗುಣವೇ ಹೋಗುತ್ತದೆ. ಗಣೆಯ ಉಸಿರಾಟ, ರಂಧ್ರಗಳ ಅಳತೆ, ಬಿದಿರಿನ ಆಯ್ಕೆ ಇವುಗಳನ್ನು ತರಗತಿಯಲ್ಲಿ ಯಾವ ಅಳುಕೂ ಇಲ್ಲದೆ ಕಲಿಸಬಹುದು. ವಿಜ್ಞಾನದ ಪಾಠಕ್ಕೂ ಅದು ಒದಗುತ್ತದೆ.

ಉರುಮೆ, ತಮಟೆ, ಅರೆ ವಾದ್ಯಗಳ ಪ್ರಶ್ನೆ ಬೇರೆ. ಇವನ್ನು ಬಾರಿಸುವ ಕೆಲಸಕ್ಕೆ ಜಾತಿಯ ಕಟ್ಟು ಇತ್ತು. ಹಬ್ಬಕ್ಕೆ ಬೇಕಾಗಿದ್ದ ವಾದ್ಯಗಾರನಿಗೆ ದಿನನಿತ್ಯ ಗೌರವ ಸಿಗುತ್ತಿರಲಿಲ್ಲ. ಎಲ್ಲ ಜಾತಿಯ ಮಕ್ಕಳೂ ಕೂತಿರುವ ತರಗತಿಗೆ ಅದೇ ಕಲಾವಿದ ಗುರುವಾಗಿ ಬಂದಾಗ, ತಾಳದ ಜೊತೆಗೆ ಈ ಸಂಬಂಧವೂ ಬದಲಾಗುತ್ತದೆ. ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಈ ವಾದ್ಯಕ್ಕೆ ದೊರೆತ ದೊಡ್ಡ ಮನ್ನಣೆ. ಪರಿಶಿಷ್ಟ ಸಮುದಾಯಗಳ ಯುವಜನರಿಗೆಂದು ಕನ್ನಡ ಮತ್ತು ಸಂಸ್ಕೃತಿ ಇಲಾಖೆ ನಡೆಸಿರುವ ಗುರು–ಶಿಷ್ಯ ಪರಂಪರೆಯ ತರಬೇತಿಗಳು ಕಲಿಸುವವರಿಗೆ ಗೌರವಧನ ಕೊಡುವ ಮೂಲಕ ಕಲಾವಿದನನ್ನು ಶಿಕ್ಷಕನೆಂದು ಒಪ್ಪಿಕೊಂಡಿವೆ.

ಪಾವಗಡದ ಗಡಿಯಾಚೆ, ಧರ್ಮಾವರದ ಬಳಿಯ ನಿಮ್ಮಲಕುಂಟೆ ತೊಗಲುಗೊಂಬೆಯ ಊರು. ಅಲ್ಲಿನ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ದೊರೆಯಿತು. ಮೇಕೆಯ ಚರ್ಮವನ್ನು ಹದಮಾಡಿ, ಬಿಗಿದು ಒಣಗಿಸಿ, ಉಳಿಯಿಂದ ರಂಧ್ರ ಕೊರೆದು, ಬಣ್ಣ ತುಂಬುವ ಈ ಕೆಲಸವನ್ನು ಮಕ್ಕಳಿಗೆ ದಪ್ಪ ಕಾಗದದ ಮೇಲೆ ಕಲಿಸಬಹುದು. ಬೆಳಕು ತೂರುವ ಜಾಗ, ತಡೆಯುವ ಜಾಗ ಎಂಬ ಲೆಕ್ಕ ಕೈಗೆ ಹತ್ತಿದರೆ ಮುಕ್ಕಾಲು ವಿದ್ಯೆ ಬಂದಂತೆ. ಕನ್ನಡ, ತೆಲುಗು ಎರಡೂ ಬಲ್ಲ ಪಾವಗಡದ ಮಕ್ಕಳಿಗೆ ಗಡಿಯಾಚೆಯ ಗುರುವಿನ ಮಾತು ಅಡ್ಡಿಯಾಗದು.

5. ಕಂಪನಿಯಿಂದ ಮಕ್ಕಳ ರಂಗಭೂಮಿಗೆ

ವೃತ್ತಿ ಕಲಾವಿದರು ಮಕ್ಕಳೊಡನೆ ಕೆಲಸ ಮಾಡುವ ಆಧುನಿಕ ಪದ್ಧತಿಗೂ ಈ ಜಿಲ್ಲೆಗೂ ನೇರ ನಂಟಿದೆ. ಗುಬ್ಬಿ ಕಂಪನಿಗೆ ಹುಡುಗರಾಗಿ ಬಂದವರಲ್ಲಿ ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಿ.ವಿ. ಕಾರಂತರು ಇದ್ದರು. ತಿಪಟೂರಿನ ನರಸಿಂಹರಾಜು ಕೂಡ ಬಾಲ್ಯದಲ್ಲೇ ನಾಟಕ ಕಂಪನಿ ಸೇರಿದವರು. ಕಂಪನಿಯಲ್ಲಿ ಹುಡುಗರು ಪರದೆ ಎಳೆದರು, ಸ್ತ್ರೀವೇಷ ಹಾಕಿದರು, ಹಾಡಿದರು. ಅದು ಹೊಟ್ಟೆಪಾಡಿನ ಜೊತೆಗಿನ ಕಲಿಕೆ. ಮುಂದೆ ಕಾರಂತರನ್ನು ಓದಿಗಾಗಿ ಕಾಶಿಗೆ ಕಳಿಸಿದವರು ವೀರಣ್ಣನವರೇ.

ಕಾರಂತರು ಆಮೇಲೆ ಮಕ್ಕಳ ರಂಗಭೂಮಿಗೆ ಕೊಟ್ಟದ್ದು ಈ ಅನುಭವದ ಬೇರೊಂದು ರೂಪ. ಟಾಗೋರರ ಗಿಳಿಯ ಕಥೆಯನ್ನು ಆಧರಿಸಿದ ‘ಪಂಜರಶಾಲೆ’ ಬಾಯಿಪಾಠದ ಶಾಲೆಯನ್ನೇ ಗೇಲಿ ಮಾಡುವ ನಾಟಕ. ಪ್ರೇಮಾ ಕಾರಂತರು 1979ರಲ್ಲಿ ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರ ಕಟ್ಟಿದರು. 1989ರಲ್ಲಿ ಮೈಸೂರಿನಲ್ಲಿ ಕಾರಂತರ ನೇತೃತ್ವದಲ್ಲಿ ಆರಂಭವಾದ ರಂಗಾಯಣದ ಚಿನ್ನರ ಮೇಳ ನಾಡಿನ ಬೇಸಿಗೆ ಶಿಬಿರಗಳಿಗೆಲ್ಲ ಮಾದರಿಯಾಯಿತು. ಹೆಗ್ಗೋಡಿನ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದ ಮೇಲೆ, ಅಲ್ಲಿ ಕಲಿತ ಯುವಕ ಯುವತಿಯರು ಜಿಲ್ಲೆ ಜಿಲ್ಲೆಗಳಲ್ಲಿ ಶಿಬಿರ ನಡೆಸಲು ಸಿದ್ಧರಾದರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ಶಿವಸಂಚಾರ ನಾಟಕ ತಂಡ ಊರೂರು ಸುತ್ತುತ್ತ ಪ್ರೇಕ್ಷಕರನ್ನು ಸಿದ್ಧಗೊಳಿಸಿತು.

ಈ ಧಾರೆಯಲ್ಲಿ ಪಾಠದ ಕ್ರಮ ತಿರುಗುಮುರುಗಾಯಿತು. ಹಾರ್ಮೋನಿಯಂ ಮೇಷ್ಟ್ರು ಸಿದ್ಧ ಪಠ್ಯದಿಂದ ಶುರುಮಾಡುತ್ತಾರೆ. ಶಿಬಿರದ ರಂಗಕರ್ಮಿ ಆಟದಿಂದ ಶುರುಮಾಡುತ್ತಾರೆ. ಮಕ್ಕಳೇ ಕಥೆ ಬೆಳೆಸುತ್ತಾರೆ, ಗುಂಪಾಗಿ ಮರ, ಕೆರೆ, ಬಸ್ಸು ಆಗುತ್ತಾರೆ, ಕೈಗೆ ಸಿಕ್ಕ ವಸ್ತುಗಳಲ್ಲೇ ರಂಗಪರಿಕರ ಮಾಡಿಕೊಳ್ಳುತ್ತಾರೆ. ಹುಡುಗಿಯರೂ ಹುಡುಗರೂ ಒಟ್ಟಿಗೆ ಕಲಿಯುತ್ತಾರೆ. ಹಳ್ಳಿಯ ನಾಟಕದ ಪದ್ಧತಿಯಲ್ಲಿ ಇಲ್ಲದಿದ್ದ ಈ ಎರಡು ಗುಣಗಳು, ಅಂದರೆ ಸ್ವಂತ ಸೃಷ್ಟಿ ಮತ್ತು ಹೆಣ್ಣುಮಕ್ಕಳ ಪ್ರವೇಶ, ಶಿಬಿರ ತಂದ ನಿಜವಾದ ಹೊಸತನ.

6. ಶಾಲೆಯೊಳಗೆ ಕಲೆ

ಪ್ರೌಢಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆ ಹಳೆಯದು. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗಳು ಹಳ್ಳಿಯ ಮಕ್ಕಳಿಗೂ ಕಲೆಯಲ್ಲಿ ಒಂದು ಪ್ರಮಾಣಪತ್ರ ಒದಗಿಸಿವೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಬೇಕೆಂದಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯ ಪ್ರಕಾರ ಆರರಿಂದ ಎಂಟನೆಯ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆ, ದೈಹಿಕ ಶಿಕ್ಷಣ, ಕಾರ್ಯಾನುಭವಗಳಿಗೆ ಅರೆಕಾಲಿಕ ಬೋಧಕರು ಇರಬೇಕು. ಚದುರಿದ ಸಣ್ಣ ಊರುಗಳ ಈ ಸೀಮೆಯಲ್ಲಿ ತೊಡಕು ಇರುವುದು ಆ ಸಂಖ್ಯೆಯಲ್ಲೇ. ಗೊಲ್ಲರಹಟ್ಟಿ, ತಾಂಡಾಗಳಿಗೆ ಸೇವೆ ಸಲ್ಲಿಸುವ ಸಣ್ಣ ಶಾಲೆ ಅಷ್ಟು ಮಕ್ಕಳನ್ನು ಮುಟ್ಟದು. ಕಲೆಯ ಬೋಧಕರೂ ಅಲ್ಲಿಗೆ ಬಾರರು. ಹಲವು ಶಾಲೆಗಳನ್ನು ಒಂದು ಗುಂಪಾಗಿ ಎಣಿಸಿ ಒಬ್ಬ ಕಲಾವಿದರನ್ನು ಸರದಿಯ ಮೇಲೆ ಕಳಿಸುವುದು ಇದಕ್ಕೆ ದಾರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಸ್ಥಳೀಯ ಕಲಾವಿದರನ್ನು, ಕುಶಲಕರ್ಮಿಗಳನ್ನು ಬೋಧಕರಾಗಿ ತೆಗೆದುಕೊಳ್ಳುವ ಮಾತಿದೆ.

ಪ್ರತಿಭಾ ಕಾರಂಜಿ ಶಾಲೆಗಳಲ್ಲಿ ಕಲೆಗೆ ಸಿಕ್ಕ ದೊಡ್ಡ ವೇದಿಕೆ. ಕ್ಲಸ್ಟರ್‌ನಿಂದ ರಾಜ್ಯ ಹಂತದವರೆಗೆ ಕಂಠಪಾಠ, ಅಭಿನಯ ಗೀತೆ, ಛದ್ಮವೇಷ, ಮಣ್ಣಿನ ಮಾದರಿ, ಕೋಲಾಟ, ಕವ್ವಾಲಿ, ರಂಗೋಲಿ ಸ್ಪರ್ಧೆಗಳು ನಡೆಯುತ್ತವೆ. ಸಭಾಕಂಪನ ಬಿಡಿಸುವುದರಲ್ಲಿ ಅದರ ಉಪಕಾರ ಸಣ್ಣದಲ್ಲ. ಆದರೆ ಕೆಲವೇ ನಿಮಿಷದ ಸ್ಪರ್ಧೆಗೆ ಬೇಕಾದ್ದು ಒಂದು ಸಿದ್ಧ ಐಟಂ. ಶಾಲೆಗೆ ಒಬ್ಬಿಬ್ಬರು ಆಯ್ಕೆಯಾಗುತ್ತಾರೆ, ಉಳಿದವರು ಪ್ರೇಕ್ಷಕರು. ತರಗತಿಯ ಕೆಲಸವನ್ನು ಸ್ಪರ್ಧೆ ಮಾಡಿಕೊಡಲಾರದು.

ರಾಜ್ಯ ಬಾಲಭವನ ಸೊಸೈಟಿಯ ಶಿಬಿರಗಳೂ ಅದರ ‘ಕಲಾಶ್ರೀ’ ಆಯ್ಕೆಯೂ ಶಾಲೆಯ ಹೊರಗಿನ ಅವಕಾಶಗಳು. ಚಿತ್ರ ಮತ್ತು ಕರಕುಶಲ, ಪ್ರದರ್ಶನ ಕಲೆ, ಬರವಣಿಗೆ, ವೈಜ್ಞಾನಿಕ ಆವಿಷ್ಕಾರ ಎಂಬ ವಿಭಾಗಗಳು ಅದರಲ್ಲಿವೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆ 2009ರಲ್ಲಿ ಶುರುಮಾಡಿದ ‘ಕಲಿ–ಕಲಿಸು’ ಬೇರೆ ದಾರಿ ಹಿಡಿಯಿತು. ಸರ್ಕಾರಿ ಶಾಲೆಯ ಶಿಕ್ಷಕರಿಗೂ ಕಲಾವಿದರಿಗೂ ಅದು ನೆರವು ಕೊಡುತ್ತದೆ. ಸುತ್ತಲಿನ ಊರಿನ ಕಲೆ, ಇತಿಹಾಸ, ಕಸುಬುಗಳನ್ನು ಪಾಠದೊಳಗೆ ತರುವುದು ಅದರ ರೀತಿ. ಕಲಾವಿದರು ಹೊರಟ ಮೇಲೂ ಕೆಲಸ ಮುಂದುವರಿಸುವ ಶಿಕ್ಷಕರು ಶಾಲೆಯಲ್ಲೇ ಉಳಿಯುತ್ತಾರೆ ಎಂಬುದು ಈ ಪದ್ಧತಿಯ ಬಲ.

7. ಹೊರನಾಡಿನ ಅನುಭವ

ಕಲಾವಿದರನ್ನು ಶಿಕ್ಷಣದ ನಡುವೆ ನೆಲೆಗೊಳಿಸಿದ ಭಾರತೀಯ ಉದಾಹರಣೆ ಶಾಂತಿನಿಕೇತನ. 1919ರಲ್ಲಿ ಆರಂಭವಾದ ಅಲ್ಲಿನ ಕಲಾಭವನದಲ್ಲಿ ನಂದಲಾಲ್ ಬೋಸರು ತಮ್ಮ ಚಿತ್ರ ಬರೆಯುತ್ತಲೇ ಕಲಿಸಿದರು. ಅಮೆರಿಕದಲ್ಲಿ ಸರ್ಕಾರದ ಕಲಾನಿಧಿ 1969ರಿಂದ ಕವಿ, ಚಿತ್ರಕಾರರನ್ನು ಶಾಲೆಗಳಲ್ಲಿ ಕೆಲಕಾಲ ಇರಿಸುವ ಯೋಜನೆ ನಡೆಸಿತು. ಇಟಲಿಯ ರೆಜಿಯೊ ಎಮಿಲಿಯಾ ನಗರದ ಶಿಶುಶಾಲೆಗಳು ಶಿಕ್ಷಕರ ಜೊತೆ ಒಬ್ಬ ಕಲಾವಿದರನ್ನು ಕಾಯಂ ಆಗಿ ನೇಮಿಸಿಕೊಂಡವು. ಇಂಗ್ಲೆಂಡಿನಲ್ಲಿ 2002ರಲ್ಲಿ ಆರಂಭವಾದ ‘ಕ್ರಿಯೇಟಿವ್ ಪಾರ್ಟ್ನರ್‌ಶಿಪ್ಸ್’ ಸಾವಿರಾರು ಶಾಲೆಗಳನ್ನು ಮುಟ್ಟಿತು. 2011ರಲ್ಲಿ ಹಣ ನಿಂತಾಗ ಯೋಜನೆಯೂ ನಿಂತಿತು. ಹಳ್ಳಿಯ ನಾಟಕದ ಮೇಷ್ಟ್ರಿಗೆ ಸಂಬಳ ಕೊಡುವವರು ಊರಿನವರೇ ಆದ್ದರಿಂದ ರಾಜಧಾನಿಯ ಒಂದು ಆದೇಶಕ್ಕೆ ಆ ಕಲಿಕೆ ನಿಲ್ಲದು. ಬಂದ ಹಣದಲ್ಲಿ ಊರಿನ ಪಾಲೂ ಇದ್ದರೆ ಯೋಜನೆಯ ಆಯಸ್ಸು ಹೆಚ್ಚು ಎಂಬುದನ್ನು ತಿಳಿಯಲು ಈ ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ಸಾಕು.

8. ತರಗತಿಯನ್ನು ಕಟ್ಟುವ ಬಗೆ

ಮೇಲಿನ ಎಲ್ಲ ರೂಪಗಳನ್ನು ಹೋಲಿಸಿದಾಗ ಈ ನಾಲ್ಕು ತಾಲ್ಲೂಕುಗಳಿಗೆ ಒಗ್ಗುವ ಕಲಾತರಗತಿಯ ಲಕ್ಷಣಗಳು ತಿಳಿಯುತ್ತವೆ.

ಮೊದಲನೆಯದು ಕಾಲ. ಹತ್ತು ದಿನದ ಶಿಬಿರ ಆಸಕ್ತಿ ಹುಟ್ಟಿಸುತ್ತದೆ. ಕೈ ಪಳಗಲು ತಿಂಗಳುಗಳು ಬೇಕು. ವಾರಕ್ಕೆ ಎರಡು ಅವಧಿಯಂತೆ ಒಂದು ಅರ್ಧವರ್ಷ ನಡೆಯುವ ತರಗತಿ, ನಾಟಕದ ಪ್ರಾಕ್ಟೀಸಿನ ಕಾಲಮಾನಕ್ಕೆ ಹತ್ತಿರವಾದದ್ದು. ದಸರಾ ರಜೆ, ಪರೀಕ್ಷೆ, ಕಡಲೆಕಾಯಿ ಕೀಳುವ ಕಾಲ ಇವನ್ನು ನೋಡಿಕೊಂಡು ದಿನ ಗೊತ್ತುಮಾಡಬೇಕು.

ಎರಡನೆಯದು ಪ್ರದರ್ಶನ. ಕಲಿತದ್ದು ಕೊನೆಗೆ ಊರ ಮುಂದೆ ಬರಬೇಕು: ಜಾತ್ರೆ, ಶಾಲಾ ವಾರ್ಷಿಕೋತ್ಸವ, ಪಂಚಾಯಿತಿ ಅಂಗಳ ಯಾವುದಾದರೂ ಸರಿ. ಬಹುಮಾನವಿಲ್ಲದ ಈ ಪ್ರದರ್ಶನದಲ್ಲಿ ತರಗತಿಯ ಎಲ್ಲ ಮಕ್ಕಳಿಗೂ ಕೆಲಸವಿರಬೇಕು. ವೇಷಕ್ಕೆ ಒಲ್ಲದವರು ಪರದೆ ಬರೆಯಬಹುದು, ವಾದ್ಯ ನುಡಿಸಬಹುದು, ಬೆಳಕು ನೋಡಿಕೊಳ್ಳಬಹುದು.

ಮೂರನೆಯದು ವಯಸ್ಸು. ಹನ್ನೆರಡರಿಂದ ಹದಿನೈದರ ನಡುವೆ ಹುಡುಗರ ಕಂಠ ಒಡೆಯುತ್ತದೆ. ಆ ಸಮಯದಲ್ಲಿ ಮೇಲಿನ ಶ್ರುತಿಗೆ ಒತ್ತಾಯಿಸಿದರೆ ಕಂಠಕ್ಕೆ ಕೇಡು. ಅನುಭವವುಳ್ಳ ಹಾರ್ಮೋನಿಯಂ ಮೇಷ್ಟ್ರಿಗೆ ಇದು ಗೊತ್ತು. ಹುಡುಗನನ್ನು ಕೆಲಕಾಲ ತಾಳಕ್ಕೋ ಮಾತಿನ ಪಾತ್ರಕ್ಕೋ ಹಾಕುತ್ತಾರೆ. ಪಾಠಕ್ರಮ ಬರೆಯುವವರು ಇಂಥ ತಿಳಿವಳಿಕೆಯನ್ನು ದಾಖಲಿಸಿಕೊಳ್ಳಬೇಕು.

ನಾಲ್ಕನೆಯದು ಹೆಣ್ಣುಮಕ್ಕಳ ಪಾಲು. ಸೋಬಾನೆ, ಕೋಲಾಟ, ರಂಗೋಲಿಗಳನ್ನು ಅವರು ಮನೆಯಲ್ಲೇ ಹಿರಿಯ ಹೆಂಗಸರಿಂದ ಕಲಿತಿರುತ್ತಾರೆ. ಕಲಿಸಿದ ಆ ಹೆಂಗಸರಿಗೆ ಯಾರೂ ಸಂಭಾವನೆ ಕೊಟ್ಟಿಲ್ಲ, ಕಲಾವಿದೆ ಎಂದೂ ಕರೆದಿಲ್ಲ. ಸೋಬಾನೆ ಹಾಡುವವರನ್ನೂ ವೃತ್ತಿ ಕಲಾವಿದರ ಜೊತೆಗೇ ಆಹ್ವಾನಿಸಿ, ಅಷ್ಟೇ ಗೌರವಧನ ಕೊಡುವುದು ನ್ಯಾಯ. ಸಂಜೆಯ ಅಭ್ಯಾಸಕ್ಕಿಂತ ಶಾಲಾ ವೇಳೆಯ ತರಗತಿ ಹುಡುಗಿಯರಿಗೆ ಅನುಕೂಲ. ಕೊನೆಯ ಬಸ್ಸಿನ ಚಿಂತೆ ಇರದು.

ಐದನೆಯದು ಸ್ಥಳೀಯ ಸಾಮಗ್ರಿ. ಚಿತ್ರಕಲೆಯ ಪಾಠಕ್ಕೆ ಮಧುಗಿರಿಯ ಏಕಶಿಲಾ ಬೆಟ್ಟ ಕಣ್ಣೆದುರಿಗಿದೆ: ಬೆಳಗು, ಮಧ್ಯಾಹ್ನ, ಸಂಜೆ ಅದೇ ಬಂಡೆಯ ನೆರಳು ಹೇಗೆ ಸರಿಯುತ್ತದೆ ಎಂದು ಬರೆಯಿಸಿದರೆ ಛಾಯೆಯ ಪಾಠ ಮುಗಿಯಿತು. ಶಿರಾದ ಮಲಿಕ್ ರಿಹಾನ್ ಗೋರಿ 1651ರದು, ಜುಮ್ಮಾ ಮಸೀದಿ 1696ರದು. ಅವುಗಳ ಕಮಾನು, ಗಾರೆಗೆಲಸ ರೇಖಾಗಣಿತ ವಿನ್ಯಾಸಕ್ಕೆ ಮಾದರಿ. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ನೇಕಾರರು ಸೀರೆಯ ಅಂಚಿಗೆ ಚೌಕಳಿ ಹಾಳೆಯ ಮೇಲೆ ಬಿಡಿಸುವ ನಮೂನೆ, ಲೆಕ್ಕ ಮತ್ತು ಕಲೆ ಎರಡನ್ನೂ ಕಲಿಸುತ್ತದೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡ ಬೋರ್ಡು ಬರೆಯುವವರು, ನಾಟಕದ ಪರದೆ ಬರೆಯುವವರು ಅಕ್ಷರವಿನ್ಯಾಸಕ್ಕೂ ದೊಡ್ಡ ಅಳತೆಯ ಚಿತ್ರಕ್ಕೂ ತಕ್ಕ ಗುರುಗಳು.

ಆರನೆಯದು ಜೋಡಿ ಹೊಣೆ. ಕಲಾವಿದರಿಗೆ ಕಲೆ ಗೊತ್ತು. ಮಕ್ಕಳ ಹಾಜರಿ, ಸ್ವಭಾವ, ಮನೆಯ ಪರಿಸ್ಥಿತಿ ಗೊತ್ತಿರುವುದು ಶಿಕ್ಷಕರಿಗೆ. ತರಗತಿಯಲ್ಲಿ ಇಬ್ಬರೂ ಇರಬೇಕು. ಮಕ್ಕಳ ರಕ್ಷಣೆಗಾಗಿ 2012ರಲ್ಲಿ ಬಂದ ಪೋಕ್ಸೊ ಕಾಯಿದೆಯ ಹಿನ್ನೆಲೆಯಲ್ಲೂ ಹೊರಗಿನವರೊಬ್ಬರೇ ಮಕ್ಕಳ ಜೊತೆ ಇರುವ ಏರ್ಪಾಡು ಸಲ್ಲದು. ತರಗತಿಗೆ ಮುಂಚೆ ಇಬ್ಬರೂ ಕೂತು ಪಾಠ ಯೋಜಿಸಲು ಡಯಟ್ ತಕ್ಕ ಜಾಗ.

ಏಳನೆಯದು ಸಂಭಾವನೆ. ರಾಜ್ಯ ಸರ್ಕಾರ 58 ವರ್ಷ ತುಂಬಿದ, ಕಷ್ಟದಲ್ಲಿರುವ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಅದು ಅಗತ್ಯವೇ. ಆದರೆ ನಲವತ್ತರ ಹರೆಯದಲ್ಲಿ, ಕಲಿಸುವ ಕಸುವು ತುಂಬಿರುವಾಗ, ಅದೇ ಕಲಾವಿದರಿಗೆ ತಿಂಗಳ ಖಚಿತ ವರಮಾನವಿಲ್ಲ. ಹಾಜರಿಯ ಮೇಲೆ, ಪ್ರಯಾಣದ ಖರ್ಚು ಸೇರಿಸಿ, ತಿಂಗಳಿಗೊಮ್ಮೆ ಸರಿಯಾಗಿ ಪಾವತಿಯಾಗುವ ಗೌರವಧನವೇ ಇಡೀ ಏರ್ಪಾಡಿನ ಆಧಾರ. ಪಾವಗಡದ ಗಡಿಯ ಶಾಲೆಗೆ ಹೋಗಿಬರುವವರಿಗೂ ತುಮಕೂರಿನ ಪಕ್ಕದ ಶಾಲೆಗೆ ಹೋಗುವವರಿಗೂ ಒಂದೇ ಮೊತ್ತ ನಿಗದಿ ಮಾಡಿದರೆ ದೂರದ ಶಾಲೆಗಳು ಖಾಲಿ ಉಳಿಯುತ್ತವೆ.

ಕೊನೆಯದು ಮೌಲ್ಯಮಾಪನ. ಇಲ್ಲಿ ಅಂಕಪಟ್ಟಿಗಿಂತ ಕೆಲಸದ ಕಡತ ಉಪಯುಕ್ತ: ಮಗು ಬರೆದ ಚಿತ್ರಗಳು, ಹಾಡಿದ್ದರ ಧ್ವನಿಮುದ್ರಣ, ನಾಟಕದಲ್ಲಿ ವಹಿಸಿದ ಕೆಲಸದ ವಿವರ, ಕಲಾವಿದರ ಎರಡು ಸಾಲಿನ ಅಭಿಪ್ರಾಯ. ವರ್ಷದ ಕೊನೆಯಲ್ಲಿ ಶಿಕ್ಷಕರು, ಕಲಾವಿದರು, ಪೋಷಕರು ಸೇರಿ ಅದನ್ನು ನೋಡಿದರೆ ಯಾವ ಮಗು ಎಲ್ಲಿಂದ ಎಲ್ಲಿಗೆ ಬಂತು ಎಂಬುದು ತಿಳಿಯುತ್ತದೆ. ಮುಂದಿನ ವರ್ಷ ಯಾವ ಕಲೆಗೆ ಯಾರನ್ನು ಕರೆಸಬೇಕೆಂಬ ತೀರ್ಮಾನವೂ ಅಲ್ಲೇ ಆಗುತ್ತದೆ.